ಕಾದ ವರ್ಷಗಳನ್ನೂ ಬರೆಯಿರಿ: ಆರ್ಚಿ ಮೂರ್ ಕುರಿತು ಸಂಪಾದಕರಿಗೊಂದು ಪತ್ರ

ಮಾನ್ಯ ಸಂಪಾದಕರೇ,

ಲೈಟ್ ಹೆವಿವೇಟ್ ಬಾಕ್ಸಿಂಗ್ ಬಗ್ಗೆ ನಿಮ್ಮ ಕ್ರೀಡಾಪುಟದಲ್ಲಿ ಬಂದ ಲೇಖನವನ್ನು ಆಸೆಯಿಂದ ಓದಿದೆ. ಕನ್ನಡದಲ್ಲಿ ಈ ವಿಭಾಗದ ಬಗ್ಗೆ ಬರೆಯುವವರೇ ಕಡಿಮೆ. ಆರ್ಟುರ್ ಬೆಟರ್ಬಿಯೆವ್ ಮತ್ತು ದ್ಮಿತ್ರಿ ಬಿವೊಲ್ ರಿಯಾದ್‌ನಲ್ಲಿ ಎರಡು ಸಲ ಎದುರಾದದ್ದು, 2024ರ ಅಕ್ಟೋಬರ್‌ನಲ್ಲಿ ಬೆಟರ್ಬಿಯೆವ್ ಗೆದ್ದದ್ದು, 2025ರ ಫೆಬ್ರವರಿಯಲ್ಲಿ ಬಿವೊಲ್ ಸೇಡು ತೀರಿಸಿಕೊಂಡದ್ದು, ಎರಡೂ ಸಲ ಮೂವರು ತೀರ್ಪುಗಾರರಲ್ಲಿ ಒಬ್ಬರು ಸಮ ಎಂದದ್ದು, ಎಲ್ಲವನ್ನೂ ನಿಮ್ಮವರು ಚೊಕ್ಕವಾಗಿ ಬರೆದಿದ್ದಾರೆ. ಆದರೆ ಅದರಲ್ಲಿ ಒಂದು ಮಾತು ಎರಡು ಕಡೆ ಬಂದಿದೆ. ಒಂದೊಂದು ಸೋಲಿನಿಂದ ಇಬ್ಬರ ವೃತ್ತಿಜೀವನಕ್ಕೂ ಕಳಂಕ ತಗುಲಿತು ಎಂಬ ಮಾತು. ಅದನ್ನು ಓದಿ ಸುಮ್ಮನೆ ಪುಟ ಮಗುಚಲು ನನ್ನಿಂದ ಆಗಲಿಲ್ಲ.

ನಾನು ಹರೆಯದಲ್ಲಿ ಇದೇ ವಿಭಾಗದಲ್ಲಿ ಹವ್ಯಾಸಿಯಾಗಿ ಆಡಿದವನು. ನಮಗೆ ಆಗ 81 ಕೆ.ಜಿ. ಮಿತಿ. ವೃತ್ತಿಪರರಿಗೆ 175 ಪೌಂಡ್, ಅಂದರೆ 79 ಕೆ.ಜಿ.ಗಿಂತ ತುಸು ಹೆಚ್ಚು. ಆಟ ಬಿಟ್ಟ ಮೇಲೆ ಹುಡುಗರಿಗೆ ಕಲಿಸುತ್ತಾ ವಯಸ್ಸು ಕಳೆದೆ. ಎಡಗೈ ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಏಟು, ಹೊಡೆದು ವಾಪಸ್ ತರುವಾಗ ಅದನ್ನು ಸೊಂಟದ ಮಟ್ಟಕ್ಕೆ ಇಳಿಸುವ ಚಾಳಿಯ ಹುಡುಗನೊಬ್ಬ ನನ್ನ ಬಳಿ ಇದ್ದ. ಕೈ ಗಲ್ಲಕ್ಕೆ ತಾ, ಗಲ್ಲಕ್ಕೆ ತಾ ಎಂದು ಗಂಟಲು ಹರಿಯುವಂತೆ ಕೂಗಿದರೂ ಕೇಳಲಿಲ್ಲ, ಏಕೆಂದರೆ ಅವನು ಗೆಲ್ಲುತ್ತಲೇ ಇದ್ದ. ಒಂದು ದಿನ ಎದುರಾಳಿಯೊಬ್ಬ ಆ ಜ್ಯಾಬಿನ ಮೇಲಿನಿಂದಲೇ ಬಲಗೈ ಹಾಯಿಸಿ ನೇರ ದವಡೆಗೆ ಕೊಟ್ಟ. ಹುಡುಗ ಸೋತ. ಮರುದಿನದಿಂದ ಅವನ ಕೈ ಇಳಿಯಲಿಲ್ಲ. ಈ ವಿದ್ಯೆಯಲ್ಲಿ ಸೋಲು ಎಂದರೆ ಅದು. ಅದನ್ನು ಕಳಂಕ ಎಂದು ಅಚ್ಚು ಹಾಕಿಸಿದರೆ, ಓದಿದ ಹುಡುಗ ಗಟ್ಟಿ ಎದುರಾಳಿಯನ್ನು ಕಂಡರೆ ಹಿಂದೆ ಸರಿಯಲು ಕಲಿಯುತ್ತಾನೆ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಈಗ ನಡೆಯುತ್ತಿರುವುದೂ ಹೆಚ್ಚುಕಡಿಮೆ ಇದೇ. ಸೋಲಿನ ಕಾಲಂನಲ್ಲಿ ಸೊನ್ನೆ ಉಳಿಸಿಕೊಳ್ಳಲು ಮ್ಯಾನೇಜರುಗಳು ವರ್ಷಗಟ್ಟಲೆ ಸುಲಭದ ಎದುರಾಳಿಗಳನ್ನೇ ಹುಡುಕಿ ತರುತ್ತಾರೆ. ಬಿವೊಲ್, ಬೆಟರ್ಬಿಯೆವ್ ಇಬ್ಬರೂ ಹಾಗೆ ಮಾಡದೆ ಒಬ್ಬರನ್ನೊಬ್ಬರು ಎದುರಿಸಿದರಲ್ಲ, ಅವರ ಆ ಒಂದೊಂದು ಸೋಲು ಬಂದದ್ದೇ ಅದರಿಂದ.

ಲೈಟ್ ಹೆವಿವೇಟ್ ಬಾಕ್ಸರ್ ಒಬ್ಬನ ವೃತ್ತಿಜೀವನವನ್ನು ಪೂರ್ತಿಯಾಗಿ ಹೇಳಬೇಕಾದರೆ ಏನೆಲ್ಲ ಹೇಳಬೇಕು ಎಂಬುದಕ್ಕೆ ನನ್ನ ಕಣ್ಣಲ್ಲಿ ಆರ್ಚಿ ಮೂರ್‌ಗಿಂತ ಮಿಗಿಲಾದ ಹೆಸರಿಲ್ಲ. ಆತನ ಲೆಕ್ಕದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸೋಲುಗಳಿವೆ. ಇನ್ನೂರಕ್ಕೂ ಮಿಕ್ಕಿ ಪಂದ್ಯಗಳಿವೆ. ನಾಕೌಟ್‌ಗಳೇ 130ಕ್ಕಿಂತ ಹೆಚ್ಚು. ನಿಮ್ಮ ಪುಟದಲ್ಲಿ ಆತನ ಹೆಸರು ಬರುವುದು ಹೆಚ್ಚಾಗಿ ರಾಕಿ ಮಾರ್ಸಿಯಾನೊ, ಮಹಮ್ಮದ್ ಅಲಿ ಇವರಿಗೆ ಸೋತವರ ಪಟ್ಟಿಯಲ್ಲಿ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ದಯವಿಟ್ಟು ತಾಳ್ಮೆಯಿಂದ ಓದಿ.

ಆತ ಹುಟ್ಟಿದ್ದು ಮಿಸಿಸಿಪಿಯ ಬೆನೊಯಿಟ್‌ನಲ್ಲಿ, 1913ರ ಡಿಸೆಂಬರ್ 13ರಂದು. ಇದು ತಾಯಿ ಹೇಳಿದ್ದು. 1916 ಎಂದು ಮಗ ಹೇಳುತ್ತಿದ್ದ. ಹಾಗಾದರೆ ನಾನು ಹುಟ್ಟುವಾಗಲೇ ಮೂರು ವರ್ಷದವನಿದ್ದೆನೇನೋ ಎಂದು ಆತ ನಗಿಸುತ್ತಿದ್ದದ್ದು ಪ್ರಸಿದ್ಧ. ಹುಟ್ಟು ಹೆಸರು ಆರ್ಚಿಬಾಲ್ಡ್ ಲೀ ರೈಟ್. ಸೇಂಟ್ ಲೂಯಿಸ್‌ನಲ್ಲಿ ಸಾಕಿದ ದೊಡ್ಡಮ್ಮ, ದೊಡ್ಡಪ್ಪನ ಮನೆಯಿಂದ ಮೂರ್ ಎಂಬ ಹೆಸರು ಬಂತು. ಬಡತನ, ಕರಿಯರಿಗೆ ಬಾಗಿಲು ಮುಚ್ಚಿದ ಊರು, ಕೆಟ್ಟ ಗೆಳೆಯರು. ಟ್ರಾಮ್ ಗಾಡಿಯ ಹಿಂದಿನ ಕಂಬವನ್ನು ವಿದ್ಯುತ್ ತಂತಿಯಿಂದ ಕಳಚಿ, ಚಾಲಕ ಅದನ್ನು ಸರಿಪಡಿಸಲು ಇಳಿದು ಹೋದಾಗ ಚಿಲ್ಲರೆ ಹಣ ದೋಚುವ ಹುಡುಗರ ಗುಂಪಿನಲ್ಲಿ ಸಿಕ್ಕಿಬಿದ್ದು ಸುಧಾರಣಾ ಶಾಲೆ ಸೇರಿದ. ಅಲ್ಲಿಂದ ಹೊರಬಂದ ಮೇಲೆ, ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ ಅಮೆರಿಕ ಸರ್ಕಾರ ನಿರುದ್ಯೋಗಿ ಯುವಕರಿಗಾಗಿ ನಡೆಸುತ್ತಿದ್ದ ಅರಣ್ಯ ಶಿಬಿರದಲ್ಲಿ ಕೆಲಸಕ್ಕೆ ಸೇರಿದ. ಕಾಡಿನ ದಾರಿಯಲ್ಲಿ ಓಡುವ ಟ್ರಕ್ಕಿನ ಮೇಲೆ ನಿಂತು, ಮುಖಕ್ಕೆ ಬಡಿಯಲು ಬರುವ ಕೊಂಬೆಗಳಿಂದ ತಲೆ ತಪ್ಪಿಸಿಕೊಳ್ಳುವುದೇ ಅಲ್ಲಿ ಆತನ ಅಭ್ಯಾಸವಾಗಿತ್ತಂತೆ. ಮುಂದೆ ಆತನ ತಲೆ ಸಿಗುವುದು ಎಷ್ಟು ಕಷ್ಟ ಎಂದು ಎದುರಾಳಿಗಳೆಲ್ಲ ಹೇಳಿದರಲ್ಲ, ಅದರ ಬೇರು ಅಲ್ಲಿತ್ತು.

ವೃತ್ತಿಗೆ ಇಳಿದದ್ದು 1935ರಲ್ಲಿ. 1940ರಲ್ಲಿ ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಹೋಗಿ ಅಲ್ಲಿನ ಹೆಸರಾಂತ ರಾನ್ ರಿಚರ್ಡ್ಸ್‌ನನ್ನು ಸೋಲಿಸಿ ಬಂದ. 1941ರಲ್ಲಿ ಹೊಟ್ಟೆಯ ಹುಣ್ಣು ಒಡೆದು ಸಾವಿನ ದವಡೆಗೆ ಹೋದ. ಶಸ್ತ್ರಚಿಕಿತ್ಸೆ, ವಾರಗಟ್ಟಲೆ ಆಸ್ಪತ್ರೆ. ಮುಗಿಯಿತು ಈತನ ಕಥೆ ಎಂದು ಎಲ್ಲರೂ ಅಂದುಕೊಂಡರು. ಮರುವರ್ಷವೇ ರಿಂಗ್‌ಗೆ ಮರಳಿದ.

ಆಮೇಲಿನ ಹತ್ತು ವರ್ಷಗಳನ್ನು ನಾನು ನಿಧಾನವಾಗಿ ಹೇಳಬೇಕು, ಏಕೆಂದರೆ ನಿಮ್ಮ ಲೇಖನಗಳು ಜಾರಿ ಹೋಗುವುದು ಇಲ್ಲಿಯೇ. ಆ ಕಾಲದಲ್ಲಿ ಅಮೆರಿಕದಲ್ಲಿ ಕೆಲವು ಕರಿಯ ಬಾಕ್ಸರ್‌ಗಳಿದ್ದರು. ಚಾರ್ಲಿ ಬರ್ಲಿ, ಹೋಲ್ಮನ್ ವಿಲಿಯಮ್ಸ್, ಲಾಯ್ಡ್ ಮಾರ್ಷಲ್, ಎಡ್ಡಿ ಬೂಕರ್, ಜಾಕ್ ಚೇಸ್. ಇವರು ಎಷ್ಟು ಚೆನ್ನಾಗಿ ಆಡುತ್ತಿದ್ದರೆಂದರೆ ಯಾವ ಚಾಂಪಿಯನ್ನನೂ ಪಟ್ಟವನ್ನು ಪಣಕ್ಕಿಟ್ಟು ಇವರ ಮುಂದೆ ನಿಲ್ಲಲಿಲ್ಲ. ಬಿಳಿಯ ಪ್ರೇಕ್ಷಕರು ದುಡ್ಡು ಕೊಟ್ಟು ನೋಡಲು ಬರುವುದಿಲ್ಲ, ಗೆದ್ದರೆ ಹೆಸರಿಲ್ಲ, ಸೋಲುವ ಅಪಾಯ ಮಾತ್ರ ಖಂಡಿತ. ಹಾಗಾಗಿ ಹೊಟ್ಟೆಪಾಡಿಗಾಗಿ ಇವರು ತಮ್ಮತಮ್ಮಲ್ಲೇ ಮತ್ತೆ ಮತ್ತೆ ಹೊಡೆದಾಡಿದರು. ಮೂರ್ ಈ ಗುಂಪಿನವನು. 1944ರಲ್ಲಿ ಹಾಲಿವುಡ್‌ನಲ್ಲಿ ಬರ್ಲಿ ಆತನನ್ನು ಹಲವು ಸಲ ನೆಲಕ್ಕೆ ಕೆಡವಿ ಗೆದ್ದ. ತಾನು ಎದುರಿಸಿದವರಲ್ಲಿ ಬರ್ಲಿಯೇ ಶ್ರೇಷ್ಠ ಎಂದು ಮೂರ್ ಬದುಕಿರುವವರೆಗೆ ಹೇಳುತ್ತಲೇ ಇದ್ದ. ಬರ್ಲಿಗೆ ಒಂದೇ ಒಂದು ಸಲವೂ ವಿಶ್ವ ಪಟ್ಟದ ಪಂದ್ಯ ಸಿಗಲಿಲ್ಲ.

ಎಜ್ಜರ್ಡ್ ಚಾರ್ಲ್ಸ್ ಮೂರ್‌ನನ್ನು 1946, 1947 ಮತ್ತು 1948ರಲ್ಲಿ ಮೂರು ಸಲ ಸೋಲಿಸಿದ, ಕೊನೆಯದು ನಾಕೌಟ್. ಅಂಥ ಚಾರ್ಲ್ಸ್‌ಗೂ ಲೈಟ್ ಹೆವಿವೇಟ್ ಪಟ್ಟಕ್ಕೆ ಆಡಲು ಅವಕಾಶ ಸಿಗಲಿಲ್ಲ. ಕೊನೆಗೆ ಮೇಲಿನ ವಿಭಾಗಕ್ಕೆ ಹೋಗಿ ಹೆವಿವೇಟ್ ಚಾಂಪಿಯನ್ ಆದ. ಜಿಮ್ಮಿ ಬಿವಿನ್ಸ್ 1945ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಮೂರ್‌ನನ್ನು ನಾಕೌಟ್ ಮಾಡಿದ. ಆಮೇಲೆ ಇಬ್ಬರೂ ನಾಲ್ಕು ಸಲ ಆಡಿದರು, ನಾಲ್ಕೂ ಸಲ ಮೂರ್ ಗೆದ್ದ. ಹೆರಾಲ್ಡ್ ಜಾನ್ಸನ್ ಜೊತೆ ಐದು ಪಂದ್ಯ, ನಾಲ್ಕು ಗೆಲುವು, ಒಂದು ಸೋಲು. ಸಂಪಾದಕರೇ, ಬಿವಿನ್ಸ್ ಹೊಡೆದುರುಳಿಸಿದ ಆ ರಾತ್ರಿಯನ್ನು ಕಳಂಕ ಎಂದು ಬರೆದರೆ, ಮುಂದಿನ ನಾಲ್ಕು ಗೆಲುವುಗಳು ಎಲ್ಲಿಂದ ಬಂದವು ಎಂದು ಓದುಗನಿಗೆ ಹೇಗೆ ಹೇಳುತ್ತೀರಿ? ಒಬ್ಬನೇ ಎದುರಾಳಿಯ ಮುಂದೆ ಮತ್ತೆ ನಿಂತು, ಹೋದ ಸಲ ತಿಂದ ಏಟಿಗೆ ಈ ಸಲ ಉತ್ತರ ಹುಡುಕುವುದು ಎಂಥ ಕೆಲಸ ಎಂಬುದು ರಿಂಗ್‌ನಲ್ಲಿ ನಿಂತವರಿಗೆ ಗೊತ್ತು. ಹಿಂದಿನ ಪಂದ್ಯದಲ್ಲಿ ಮೂಗಿಗೆ ಬಿದ್ದ ಬಲಗೈ, ಗಂಟೆ ಬಾರಿಸುವ ಮೊದಲೇ ಮತ್ತೊಮ್ಮೆ ಬಿದ್ದಂತೆ ಅನಿಸುತ್ತದೆ. ಕಾಲು ತಾನಾಗಿ ಹಿಂದಕ್ಕೆ ಸರಿಯುತ್ತದೆ. ಆ ಕಾಲನ್ನು ಮುಂದಿಡಿಸಬೇಕು.

ಇನ್ನು ಪಟ್ಟದ ವಿಷಯ. ಗಸ್ ಲೆಸ್ನೆವಿಚ್ 1941ರಿಂದ 1948ರವರೆಗೆ ಚಾಂಪಿಯನ್. ನಡುವೆ ಯುದ್ಧ ಬಂತು. ಅವನಿಂದ ಪಟ್ಟ ಕಿತ್ತುಕೊಂಡ ಬ್ರಿಟನ್ನಿನ ಫ್ರೆಡ್ಡಿ ಮಿಲ್ಸ್ ಒಂದೂವರೆ ವರ್ಷ ಅದನ್ನು ಪಣಕ್ಕಿಡದೆ ಕೂತ. 1950ರ ಜನವರಿಯಲ್ಲಿ ಜೋಯಿ ಮ್ಯಾಕ್ಸಿಮ್ ಲಂಡನ್‌ಗೆ ಹೋಗಿ ಪಟ್ಟ ತಂದ. ಈ ಮೂವರ ಕಾಲದಲ್ಲೂ ಮೂರ್ ಸಾಲಿನ ಮುಂಚೂಣಿಯಲ್ಲೇ ನಿಂತಿದ್ದ. ಬಾಗಿಲು ತೆರೆಯಲಿಲ್ಲ. 1952ರ ಜೂನ್‌ನಲ್ಲಿ ಮ್ಯಾಕ್ಸಿಮ್ ಪಟ್ಟ ಪಣಕ್ಕಿಟ್ಟದ್ದು ಯಾರ ಮುಂದೆ? ತನಗಿಂತ ಹಗುರವಾದ, ಮಿಡಲ್‌ವೇಟ್ ಚಾಂಪಿಯನ್ ಶುಗರ್ ರೇ ರಾಬಿನ್ಸನ್ ಮುಂದೆ. ಯಾಂಕಿ ಸ್ಟೇಡಿಯಂನಲ್ಲಿ ಆ ರಾತ್ರಿ ಎಂಥ ಧಗೆ ಇತ್ತೆಂದರೆ ರೆಫರಿಯೇ ನಡುವೆ ಕುಸಿದು ಬೇರೆಯವರು ಬರಬೇಕಾಯಿತು. ಅಂಕಗಳಲ್ಲಿ ಮುಂದಿದ್ದ ರಾಬಿನ್ಸನ್ 13ನೇ ರೌಂಡ್ ಮುಗಿಸಿ ಸ್ಟೂಲಿನಿಂದ ಏಳಲಾಗದೆ ಸೋತ. ರಾಬಿನ್ಸನ್ ಮಹಾನ್ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಟಿಕೆಟ್ ಮಾರಾಟವಾಗುತ್ತದೆ ಎಂಬ ಕಾರಣಕ್ಕೆ ಹೊರಗಿನವನು ಒಳಗೆ ಹೋದ, ಸಾಲಿನ ಮುಂದಿದ್ದವನು ಸಾಲಿನಲ್ಲೇ ಉಳಿದ.

ಕಾಯುತ್ತಾ ಮೂರ್ ಏನು ಮಾಡುತ್ತಿದ್ದ? ಎಲ್ಲಿ ಪಂದ್ಯ ಸಿಕ್ಕರೆ ಅಲ್ಲಿ ಆಡುತ್ತಿದ್ದ, 1951ರಲ್ಲಿ ಅರ್ಜೆಂಟೀನಾಕ್ಕೂ ಹೋಗಿ ಬಂದ. ಮತ್ತೊಂದು ಕೆಲಸವನ್ನೂ ಮಾಡುತ್ತಿದ್ದ. ಪತ್ರ ಬರೆಯುತ್ತಿದ್ದ. ಅಮೆರಿಕದ ಉದ್ದಗಲಕ್ಕೂ ಇದ್ದ ಕ್ರೀಡಾ ಸಂಪಾದಕರಿಗೆ, ವರದಿಗಾರರಿಗೆ, ನಾನು ಇಂಥವನು, ಇಂಥಿಂಥವರನ್ನು ಸೋಲಿಸಿದ್ದೇನೆ, ಚಾಂಪಿಯನ್ ನನ್ನೊಡನೆ ಏಕೆ ಆಡುತ್ತಿಲ್ಲ ಎಂದು ಕೇಳಿ ಎಂದು ಪತ್ರದ ಮೇಲೆ ಪತ್ರ. ದಿನವಿಡೀ ಬ್ಯಾಗ್ ಗುದ್ದಿದ ಕೈಯಲ್ಲಿ ಪೆನ್ನು. ಅವರಲ್ಲಿ ಕೆಲವರು ಆ ಪ್ರಶ್ನೆಯನ್ನು ತಮ್ಮ ಅಂಕಣಗಳಲ್ಲಿ ಎತ್ತಿದರು, ಒತ್ತಡ ಹೆಚ್ಚಿತು. ನಾನು ಇವತ್ತು ನಿಮಗೆ ಬರೆಯಲು ಧೈರ್ಯ ಕೊಟ್ಟದ್ದೂ ಇದೇ. ಪತ್ರಿಕೆಯ ಕ್ರೀಡಾಪುಟ ಮನಸ್ಸು ಮಾಡಿದರೆ ಸಾಲಿನಲ್ಲಿ ನಿಂತವನ ಹೆಸರು ಕೂಗಿ ಹೇಳಬಲ್ಲದು.

1952ರ ಡಿಸೆಂಬರ್ 17, ಸೇಂಟ್ ಲೂಯಿಸ್ ಅರೀನಾ. ತಾಯಿಯ ಲೆಕ್ಕ ಹಿಡಿದರೆ ಮೂರ್‌ಗೆ 39 ತುಂಬಿ ನಾಲ್ಕೇ ದಿನ. ತಾನು ಬೆಳೆದ ಊರು, ತಾನು ಕದ್ದು ಸಿಕ್ಕಿಬಿದ್ದ ಊರು. ಹದಿನೈದು ರೌಂಡ್ ಪೂರ್ತಿ ಮ್ಯಾಕ್ಸಿಮ್‌ನನ್ನು ಅಟ್ಟಾಡಿಸಿ, ಎಲ್ಲ ತೀರ್ಪುಗಾರರೂ ಒಪ್ಪುವಂತೆ ಗೆದ್ದ. ಈಗ ಹಣದ ಲೆಕ್ಕ ಕೇಳಿ. ಪಟ್ಟ ಕಳೆದುಕೊಂಡ ಮ್ಯಾಕ್ಸಿಮ್‌ಗೆ ಖಾತರಿ ಮೊತ್ತ 1,00,000 ಡಾಲರ್. ಪಟ್ಟ ಗೆದ್ದ ಮೂರ್‌ಗೆ ಕೈಗೆ ಬಂದದ್ದು 800 ಡಾಲರ್. ಸೊನ್ನೆ ಬಿಟ್ಟುಹೋಗಿಲ್ಲ, ಎಂಟು ನೂರೇ. ಮ್ಯಾಕ್ಸಿಮ್‌ನ ಮ್ಯಾನೇಜರ್ ಡಾಕ್ ಕರ್ನ್ಸ್, ಹಿಂದೆ ಜಾಕ್ ಡೆಂಪ್ಸಿಯನ್ನು ನಡೆಸಿದವನು, ಮೂರ್‌ನ ಮುಂದಿನ ಗಳಿಕೆಯಲ್ಲೂ ಪಾಲುದಾರನಾದ. ಮ್ಯಾಕ್ಸಿಮ್ ಜೊತೆ ಮತ್ತೆ ಎರಡು ಸಲ ಆಡಬೇಕಾಯಿತು, 1953ರಲ್ಲಿ ಯೂಟಾದ ಆಗ್ಡನ್‌ನಲ್ಲಿ, 1954ರಲ್ಲಿ ಮಯಾಮಿಯಲ್ಲಿ. ಎರಡನ್ನೂ ಗೆದ್ದ.

ಆ ಕಾಲದ ದೊಡ್ಡ ಪಂದ್ಯಗಳ ಕೀಲಿಕೈ ಯಾರ ಬಳಿ ಇತ್ತು ಎಂಬುದು ಈಗ ಗುಟ್ಟಲ್ಲ. 1949ರಲ್ಲಿ ಹುಟ್ಟಿದ ಇಂಟರ್‌ನ್ಯಾಷನಲ್ ಬಾಕ್ಸಿಂಗ್ ಕ್ಲಬ್ ಅಂಗಣಗಳನ್ನೂ ಚಾಂಪಿಯನ್‌ಗಳ ಕರಾರುಗಳನ್ನೂ ಹಿಡಿದಿಟ್ಟುಕೊಂಡಿತ್ತು. ಏಕಸ್ವಾಮ್ಯ ವಿರೋಧಿ ಕಾನೂನು ಬಾಕ್ಸಿಂಗ್‌ಗೂ ಅನ್ವಯಿಸುತ್ತದೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1955ರಲ್ಲಿ ಹೇಳಿತು, 1959ರಲ್ಲಿ ಆ ಕೂಟವನ್ನು ಒಡೆಯುವ ಆದೇಶವನ್ನು ಎತ್ತಿಹಿಡಿಯಿತು. ತೆರೆಮರೆಯಲ್ಲಿ ಬಾಕ್ಸರ್‌ಗಳನ್ನು ಆಡಿಸುತ್ತಿದ್ದ ಫ್ರಾಂಕಿ ಕಾರ್ಬೊ 1961ರಲ್ಲಿ ಜೈಲು ಸೇರಿದ. ಗುದ್ದುವ ಶಕ್ತಿ, ಕಾಲಿನ ಚುರುಕು ಇಷ್ಟನ್ನೇ ಬರೆದು ಒಬ್ಬನ ವೃತ್ತಿಜೀವನವನ್ನು ಹೇಳಿದೆವು ಎಂದುಕೊಂಡರೆ ಇಷ್ಟೂ ಸಂಗತಿ ಕತ್ತಲಲ್ಲೇ ಉಳಿಯುತ್ತದೆ.

ಹಾಗೆಂದು ಆಟದ ಸೊಗಸನ್ನು ಬಿಡಬೇಡಿ. ಮೂರ್‌ನ ಹಳೆಯ ಪಂದ್ಯಗಳ ಚಿತ್ರಗಳನ್ನು ನಾನು ಹುಡುಗರನ್ನು ಕೂರಿಸಿಕೊಂಡು ತೋರಿಸುತ್ತಿದ್ದೆ. ಎರಡೂ ತೋಳುಗಳನ್ನು ಮುಖ ಮತ್ತು ಎದೆಯ ಮುಂದೆ ಅಡ್ಡಡ್ಡ ಮಡಚಿ, ಒಂದರ ಮೇಲೊಂದು ಅಗುಳಿಯಂತೆ ಇಟ್ಟು, ಅದರ ಸಂದಿಯಿಂದ ಇಣುಕುತ್ತಾ ಆತ ಮುಂದೆ ಬರುತ್ತಿದ್ದ. ಎದುರಾಳಿಯ ಏಟು ಮೊಣಕೈಗೋ ಭುಜಕ್ಕೋ ಬೀಳುತ್ತಿತ್ತು. ಅವನ ಕೈ ಇನ್ನೂ ಹಿಂದಕ್ಕೆ ಹೋಗಿರುವುದಿಲ್ಲ, ಅಷ್ಟರಲ್ಲಿ ಅಡಿಯಿಂದ ಬಲಗೈ ಹೊರಬರುತ್ತಿತ್ತು. ಓಟವಿಲ್ಲ, ಕುಣಿತವಿಲ್ಲ. ಅರ್ಧ ಹೆಜ್ಜೆ ಪಕ್ಕಕ್ಕೆ, ಒಂದು ಭುಜ ತಿರುವು, ಅಷ್ಟೇ. ವಯಸ್ಸಾದ ಮೈಯ ಶಕ್ತಿಯನ್ನು ಉಳಿಸಿಕೊಂಡು ಆಡುವ ಬಗೆ ಅದು. ಆತನಿಗೆ ಮುಂಗುಸಿ ಎಂದು ಅಡ್ಡಹೆಸರು ಇಟ್ಟವರು ಆ ಕಾಯುವಿಕೆ ಮತ್ತು ಎರಗುವಿಕೆ ಎರಡನ್ನೂ ಕಂಡಿರಬೇಕು. ಮುಂದೆ ಜಾರ್ಜ್ ಫೋರ್‌ಮನ್ ಎರಡನೇ ಇನ್ನಿಂಗ್ಸ್‌ನಲ್ಲಿ ತೋಳು ಮಡಚಿ ಆಡಿದ್ದು ಇದೇ ಗಾರ್ಡ್. 1974ರಲ್ಲಿ ಕಿನ್ಶಾಸಾದಲ್ಲಿ ಅಲಿ ವಿರುದ್ಧದ ಪಂದ್ಯದಲ್ಲಿ ಫೋರ್‌ಮನ್ ಕಾರ್ನರ್‌ನಲ್ಲಿ ಮೂರ್ ಇದ್ದ. ಇಪ್ಪತ್ತು ವರ್ಷಗಳ ನಂತರ, 45ನೇ ವಯಸ್ಸಿನಲ್ಲಿ ಫೋರ್‌ಮನ್ ಮತ್ತೆ ಹೆವಿವೇಟ್ ಪಟ್ಟ ಗೆದ್ದಾಗಲೂ ಆ ಗಾರ್ಡ್ ಇತ್ತು.

ತೂಕದ ಬಗ್ಗೆಯೂ ಒಂದು ಮಾತು. ಮೂರ್ ಹೆವಿವೇಟ್‌ಗಳ ವಿರುದ್ಧ 190 ಪೌಂಡ್ ಆಸುಪಾಸಿನಲ್ಲಿ ಆಡಿ, ಪಟ್ಟ ಉಳಿಸಿಕೊಳ್ಳಲು ಮತ್ತೆ 175ಕ್ಕೆ ಇಳಿಯುತ್ತಿದ್ದ. ಮಾಂಸವನ್ನು ಅಗಿದು ರಸ ನುಂಗಿ ಚರಟ ಉಗಿಯುವ ಗುಟ್ಟನ್ನು ಆಸ್ಟ್ರೇಲಿಯಾದ ಮೂಲನಿವಾಸಿಗಳಿಂದ ಕಲಿತೆ ಎಂದು ಆತ ಹೇಳಿಕೊಂಡು ತಿರುಗುತ್ತಿದ್ದ. ಗುಟ್ಟು ಏನೇ ಇರಲಿ, ನಲವತ್ತು ದಾಟಿದ ಮೈಯಲ್ಲಿ ಅದು ಸಣ್ಣ ಯಾತನೆಯಲ್ಲ. ನಾನು ಇಪ್ಪತ್ತರ ಹರೆಯದಲ್ಲಿ ಕೊನೆಯ ಅರ್ಧ ಕೆ.ಜಿ. ಇಳಿಸಲು ಸ್ವೆಟರ್ ಮೇಲೆ ಸ್ವೆಟರ್ ಹಾಕಿ ಹಗ್ಗ ಜಿಗಿದದ್ದಿದೆ. ಬಾಯಿಗೆ ನೀರು ಹಾಕಿ ಮುಕ್ಕಳಿಸಿ, ಒಂದು ಹನಿಯೂ ಒಳಗೆ ಹೋಗದಂತೆ ಉಗಿಯಬೇಕು. ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ತಕ್ಕಡಿಯ ಮೇಲೆ ನಿಂತಾಗ ಉಸಿರು ಬಿಟ್ಟು ನಿಲ್ಲುತ್ತೇವೆ, ಉಸಿರಿಗೂ ತೂಕವಿದೆಯೇನೋ ಎಂಬ ಹೆದರಿಕೆಯಿಂದ. ಹಾಗೆ ಹಿಂಡಿದ ಮೈಯಲ್ಲಿ ಹದಿನೈದು ರೌಂಡ್ ಆಡುವುದು ಎಂದರೆ ಏನೆಂದು ಬರೆದು ತಿಳಿಸುವುದು ಕಷ್ಟ.

ಚಾಂಪಿಯನ್ ಆದ ಮೇಲೂ ಪತ್ರದ ಕೆಲಸ ನಿಲ್ಲಲಿಲ್ಲ. ಈಗ ಹೆವಿವೇಟ್ ಚಾಂಪಿಯನ್ ಮಾರ್ಸಿಯಾನೊ ಬೇಕಿತ್ತು. ಟೊಲೆಡೊದ ಕಾರು ವ್ಯಾಪಾರಿಯೊಬ್ಬ ಹಣ ಹಾಕಿದ. ಪೊಲೀಸರು ತಲೆಮರೆಸಿಕೊಂಡವರ ಚಿತ್ರ ಅಂಟಿಸುವಂತೆ ಮಾರ್ಸಿಯಾನೊನ ಹುಡುಕಾಟದ ಪೋಸ್ಟರ್ ಮಾಡಿ ಪತ್ರಿಕೆಗಳಿಗೆ ಕಳುಹಿಸಿದರು. 1955ರ ಮೇನಲ್ಲಿ ಕ್ಯೂಬಾದ ದೈತ್ಯ ನಿನೊ ವಾಲ್ಡೆಸ್‌ನನ್ನು, ಜೂನ್‌ನಲ್ಲಿ ಮಿಡಲ್‌ವೇಟ್ ಚಾಂಪಿಯನ್ ಬೋಬೊ ಓಲ್ಸನ್‌ನನ್ನು ಮಣಿಸಿದ ಮೇಲೆ ಇಲ್ಲ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಸೆಪ್ಟೆಂಬರ್ 21ರಂದು ಯಾಂಕಿ ಸ್ಟೇಡಿಯಂನಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಜನರ ಮುಂದೆ, ಎರಡನೇ ರೌಂಡ್‌ನಲ್ಲಿ ಮೂರ್‌ನ ಬಲಗೈಗೆ ಮಾರ್ಸಿಯಾನೊ ಕೆಳಗೆ ಬಿದ್ದ. ಎರಡು ಎಣಿಸುವಷ್ಟರಲ್ಲಿ ಎದ್ದನಾದರೂ ರೆಫರಿ ಎಣಿಕೆ ಮುಂದುವರಿಸಿದ, ತಾನು ಮೇಲೆರಗುವ ಆ ಕ್ಷಣಗಳು ಕೈತಪ್ಪಿದವು ಎಂಬ ಕೊರಗು ಮೂರ್‌ಗೆ ಕೊನೆಯವರೆಗೂ ಇತ್ತು. ಆಮೇಲೆ ಮಾರ್ಸಿಯಾನೊ ಸುತ್ತಿಗೆ ಬೀಸಿದಂತೆ ಹೊಡೆದ. ಎಂಟನೇ ರೌಂಡ್ ಮುಗಿದಾಗ ನಿಲ್ಲಿಸೋಣವೇ ಎಂದು ಕೇಳಿದವರಿಗೆ, ನಾನೂ ಚಾಂಪಿಯನ್, ಸೋಲುವುದಾದರೆ ನೆಲದ ಮೇಲೆ ಎಣಿಸಿಕೊಂಡೇ ಸೋಲುತ್ತೇನೆ ಎಂಬ ಅರ್ಥದಲ್ಲಿ ಮೂರ್ ಉತ್ತರಿಸಿದ. ಒಂಬತ್ತನೆಯದರಲ್ಲಿ ಹಾಗೆಯೇ ಆಯಿತು. ಮಾರ್ಸಿಯಾನೊ ಮತ್ತೆಂದೂ ರಿಂಗ್‌ಗೆ ಇಳಿಯಲಿಲ್ಲ. ಅವನ 49 ಗೆಲುವು, ಸೊನ್ನೆ ಸೋಲಿನ ಲೆಕ್ಕವನ್ನು ನೀವು ಎಷ್ಟೋ ಸಲ ಅಚ್ಚು ಹಾಕಿದ್ದೀರಿ. ಆ ಕೊನೆಯ ಗೆಲುವಿನ ಇನ್ನೊಂದು ಬದಿಯಲ್ಲಿ ಇದ್ದವನ ಬಗ್ಗೆ ಎರಡು ಸಾಲು ಸೇರಿಸಿ.

ಒಂದೇ ಒಂದು ಪಂದ್ಯ ನೋಡಲು ಸಮಯವಿರುವ ಓದುಗರಿಗೆ ನಾನು ಹೇಳುವುದು 1958ರ ಡಿಸೆಂಬರ್ 10ರ ಮಾಂಟ್ರಿಯಲ್ ಪಂದ್ಯ. ಎದುರಾಳಿ ಇವೊನ್ ಡ್ಯೂರೆಲ್, ಕೆನಡಾದ ನ್ಯೂ ಬ್ರನ್ಸ್‌ವಿಕ್‌ನ ಮೀನುಗಾರ. ರೆಫರಿ, ಹಿಂದಿನ ಹೆವಿವೇಟ್ ಚಾಂಪಿಯನ್ ಜಾಕ್ ಶಾರ್ಕಿ. ಮೊದಲ ರೌಂಡ್ ಶುರುವಾಗಿ ಇನ್ನೂ ಯಾರೂ ಸರಿಯಾಗಿ ಕೂತಿರಲಿಲ್ಲ, ಡ್ಯೂರೆಲ್‌ನ ಬಲಗೈ ಬಿತ್ತು. ಮೂರ್ ಬಿದ್ದ ಬಗೆ ನೋಡಿದರೆ ಕರುಳು ಚುರ್ ಎನ್ನುತ್ತದೆ. ಬೀಳುತ್ತಿದ್ದೇನೆ ಎಂದು ಮೈಗೆ ಗೊತ್ತಾಗದೆ ಬೆನ್ನಡಿಯಾಗಿ ಬಿದ್ದ. ಎಣಿಕೆ ಒಂಬತ್ತಕ್ಕೆ ಬಂದಾಗ ಎದ್ದ, ಕಾಲು ಇನ್ನೂ ತನ್ನದಾಗಿರಲಿಲ್ಲ. ಮತ್ತೆ ಬಿದ್ದ. ಎದ್ದ. ಅದೇ ರೌಂಡ್‌ನಲ್ಲಿ ಮೂರನೇ ಸಲ ಬಿದ್ದ. ಎದ್ದ. ಐದನೆಯದರಲ್ಲಿ ಇನ್ನೊಮ್ಮೆ. ಆಗ ಆತನಿಗೆ ತಾಯಿಯ ಲೆಕ್ಕದಲ್ಲಿ 45ಕ್ಕೆ ಮೂರು ದಿನ ಕಡಿಮೆ.

ನಾನು ಹುಡುಗರಿಗೆ ಚಿತ್ರ ನಿಲ್ಲಿಸಿ ತೋರಿಸುತ್ತಿದ್ದದ್ದು ಇಲ್ಲಿ. ಬಿದ್ದೆದ್ದ ಮೂರ್ ಏನು ಮಾಡುತ್ತಾನೆ ನೋಡಿ. ಕೋಪದಲ್ಲಿ ನುಗ್ಗುವುದಿಲ್ಲ. ಅಪ್ಪಿಕೊಳ್ಳುತ್ತಾನೆ, ತೋಳು ಅಡ್ಡ ಇಡುತ್ತಾನೆ, ಎದುರಾಳಿಯ ಭುಜಕ್ಕೆ ತಲೆ ಒರಗಿಸಿ ಉಸಿರು ತೆಗೆದುಕೊಳ್ಳುತ್ತಾನೆ, ಗಂಟೆಯವರೆಗೆ ಬದುಕುತ್ತಾನೆ. ನಂತರ ಜ್ಯಾಬ್ ಶುರು. ಒಂದು, ಮತ್ತೊಂದು, ಡ್ಯೂರೆಲ್‌ನ ಮೂಗಿನ ಮೇಲೆಯೇ. ಏಳನೆಯದರಲ್ಲಿ ಮೀನುಗಾರ ಕೆಳಗೆ ಬಿದ್ದ. ಹತ್ತನೆಯದರಲ್ಲಿ ಗಂಟೆ ಬಾರಿಸುವಾಗ ಮತ್ತೆ ನೆಲದ ಮೇಲಿದ್ದ. ಹನ್ನೊಂದರಲ್ಲಿ ಎಣಿಕೆ ಹತ್ತಕ್ಕೆ ಮುಗಿಯಿತು. ಆ ರಾತ್ರಿ ಬಿದ್ದಂತೆ ಮೂರ್ ಹಿಂದೆಯೂ ಎಲ್ಲೆಲ್ಲೋ ಬಿದ್ದಿದ್ದ. ಬರ್ಲಿಯ ಮುಂದೆ, ಬಿವಿನ್ಸ್ ಮುಂದೆ, ಚಾರ್ಲ್ಸ್ ಮುಂದೆ. ಏಳುವುದನ್ನು ಅಲ್ಲಿ ಕಲಿತಿದ್ದ. ಬರೀ ಗೆದ್ದು ಬಂದ ಮೈಗೆ ಆ ಮೊದಲ ರೌಂಡ್ ದಾಟುವುದು ಗೊತ್ತಾಗುತ್ತಿರಲಿಲ್ಲ ಎಂಬುದು ನನ್ನ ದೃಢ ನಂಬಿಕೆ.

ಉಳಿದದ್ದನ್ನು ಬೇಗ ಹೇಳುತ್ತೇನೆ. 1956ರಲ್ಲಿ ಖಾಲಿಯಾದ ಹೆವಿವೇಟ್ ಪಟ್ಟಕ್ಕೆ ಆಡಿ ಫ್ಲಾಯ್ಡ್ ಪ್ಯಾಟರ್ಸನ್‌ಗೆ ಸೋತ. ಸಾಕಷ್ಟು ಸಲ ಪಟ್ಟ ಪಣಕ್ಕಿಡಲಿಲ್ಲ ಎಂದು 1960ರಿಂದ ಒಂದೊಂದೇ ಸಂಸ್ಥೆ ಲೈಟ್ ಹೆವಿವೇಟ್ ಮಾನ್ಯತೆ ಕಿತ್ತುಕೊಂಡಿತು. ರಿಂಗ್‌ನಲ್ಲಿ ಆ ಪಟ್ಟವನ್ನು ಆತನಿಂದ ಯಾರೂ ಗೆಲ್ಲಲಿಲ್ಲ. 1960ರಲ್ಲಿ ಕ್ಯಾಸಿಯಸ್ ಕ್ಲೇ ಎಂಬ ಹುಡುಗ, ಮುಂದೆ ಮಹಮ್ಮದ್ ಅಲಿ ಆದವನು, ಸ್ಯಾನ್ ಡಿಯೇಗೊ ಬಳಿಯ ಮೂರ್‌ನ ಶಿಬಿರಕ್ಕೆ ಕಲಿಯಲು ಬಂದ. ಅಲ್ಲಿ ಪಾತ್ರೆ ತೊಳೆಯುವುದು, ನೆಲ ಗುಡಿಸುವುದು ಎಲ್ಲರ ಪಾಲಿನ ಕೆಲಸ. ಹುಡುಗನಿಗೆ ಒಗ್ಗಲಿಲ್ಲ, ಹೊರಟುಹೋದ. 1962ರ ನವೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ, ನಾಲ್ಕನೇ ರೌಂಡ್‌ನಲ್ಲಿ ಮುಗಿಸುತ್ತೇನೆ ಎಂದು ಮೊದಲೇ ಸಾರಿ, ಹೇಳಿದಂತೆಯೇ ಮಾಡಿದ. ಆ ಶಿಬಿರದ ಬಂಡೆಗಳ ಮೇಲೆ ಹಳೆಯ ಬಾಕ್ಸರ್‌ಗಳ ಹೆಸರು ಬರೆಸಿದ್ದ ಮೂರ್‌ನ ಪದ್ಧತಿಯನ್ನು ಅಲಿ ಮುಂದೆ ತನ್ನ ಡೀರ್ ಲೇಕ್ ಶಿಬಿರದಲ್ಲಿ ತಾನೂ ಅನುಸರಿಸಿದ. 1963ರ ಮಾರ್ಚ್‌ನಲ್ಲಿ ಫೀನಿಕ್ಸ್‌ನಲ್ಲಿ ಮೂರ್ ಕೊನೆಯ ಪಂದ್ಯ ಆಡಿ ಗೆದ್ದ. ಆಮೇಲೆ ಬಡ ಹುಡುಗರಿಗಾಗಿ 'ಎನಿ ಬಾಯ್ ಕ್ಯಾನ್' ಎಂಬ ಕಾರ್ಯಕ್ರಮ ನಡೆಸಿದ, ಟ್ರಾಮ್‌ನ ಚಿಲ್ಲರೆ ಕದ್ದ ಹುಡುಗ ಎಂಥವರಿಗೆ ಕೈಹಿಡಿಯುವವನು ಬೇಕು ಎಂದು ಬಲ್ಲವನಾಗಿದ್ದ. 1998ರ ಡಿಸೆಂಬರ್ 9ರಂದು ಸ್ಯಾನ್ ಡಿಯೇಗೊದಲ್ಲಿ ತೀರಿಕೊಂಡ.

ಸಂಪಾದಕರೇ, ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಬಾಕ್ಸರ್ ಒಬ್ಬನ ಬಗ್ಗೆ ಬರೆಯುವಾಗ ಗೆಲುವು, ಸೋಲು, ನಾಕೌಟ್ ಎಂಬ ಮೂರು ಅಂಕಿಗಳ ಕೆಳಗೆ ಇನ್ನೂ ಒಂದಿಷ್ಟು ಜಾಗ ಮಾಡಿ. ಸೋತದ್ದು ಯಾರಿಗೆ, ಆಮೇಲೆ ಅದೇ ಎದುರಾಳಿಯೊಡನೆ ಮತ್ತೆ ಆಡಿದನೇ? ಪಟ್ಟದ ಪಂದ್ಯಕ್ಕೆ ಎಷ್ಟು ವರ್ಷ ಕಾದ, ಕಾಯಿಸಿದವರು ಯಾರು? ಇಬ್ಬರಿಗೂ ಕೈಗೆ ಎಷ್ಟೆಷ್ಟು ಬಂತು? ತೂಕ ಇಳಿಸಿದ್ದು ಹೇಗೆ? ಬಿವೊಲ್, ಬೆಟರ್ಬಿಯೆವ್ ಮೂರನೇ ಸಲ ಎದುರಾದರೆ ನಿಮ್ಮ ಪುಟದಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಓದಲು ನಾನು ಕಾದಿರುತ್ತೇನೆ. ಹಾಗೆಯೇ ಅವರಿಬ್ಬರ ಹೆಸರಿನ ಪಕ್ಕದಿಂದ ಕಳಂಕ ಎಂಬ ಪದವನ್ನು ತೆಗೆದು, ಅವರು ಸೋತದ್ದು ಯಾರಿಗೆ ಎಂದು ಬರೆಯಿರಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಬಾಕ್ಸಿಂಗ್ ತರಬೇತುದಾರ